ಲಿನ್ ಕಾನ್ವೇ 1978ರಲ್ಲಿ ಒಂದೇ ಸೆಮಿಸ್ಟರಿನಲ್ಲಿ ಮಾಡಿಸಿದ್ದನ್ನು ನಾವು ಇಂದಿಗೂ ಏಕೆ ಮಾಡಿಸಲಾಗುತ್ತಿಲ್ಲ?

ತರಗತಿಯಿಂದ (ಚರ್ಚೆ ಆರಂಭಿಸಿದವರು)

ಮಲೆನಾಡಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಮೂರನೆಯ ಸೆಮಿಸ್ಟರಿಗೆ ಡಿಜಿಟಲ್ ಡಿಸೈನ್, ಏಳನೆಯ ಸೆಮಿಸ್ಟರಿಗೆ ವಿಎಲ್‌ಎಸ್‌ಐ (ಒಂದೇ ಚಿಪ್‌ನಲ್ಲಿ ಸಾವಿರಾರು ಟ್ರಾನ್ಸಿಸ್ಟರ್ ಕೂರಿಸುವ ವಿನ್ಯಾಸ) ಪಾಠ ಮಾಡುತ್ತಿದ್ದೇನೆ. ಪ್ರತಿವರ್ಷವೂ ಅದೇ ಕ್ರಮ: ಕಾರ್ನಾಫ್ ನಕ್ಷೆ, ಮಲ್ಟಿಪ್ಲೆಕ್ಸರ್, ಕೌಂಟರ್, ಕೊನೆಗೆ ಸರ್ಕಿಟ್ ವಿವರಿಸುವ ಭಾಷೆಯಾದ ವೆರಿಲಾಗ್‌ನ ಲ್ಯಾಬಿನಲ್ಲಿ ತೆರೆಯ ಮೇಲೆ ಒಂದು ತರಂಗಚಿತ್ರ. ಮಕ್ಕಳು ಚೆನ್ನಾಗಿಯೇ ಅಂಕ ತೆಗೆಯುತ್ತಾರೆ. ಆದರೆ ತಾವು ಬರೆದ ಆ ಇಪ್ಪತ್ತು ಸಾಲುಗಳು ಸಿಲಿಕಾನ್ ತುಣುಕೊಂದರ ಮೇಲೆ ಹೇಗೆ ಕೂರುತ್ತವೆ ಎಂದು ಕೇಳಿದರೆ ತರಗತಿಯೇ ಮೌನವಾಗುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕಿ ಲಿನ್ ಕಾನ್ವೇ 2024ರ ಜೂನ್‌ನಲ್ಲಿ ತೀರಿಕೊಂಡಾಗ ಅವರ ಬಗ್ಗೆ ಮೊದಲ ಬಾರಿ ಗಂಭೀರವಾಗಿ ಓದಿದೆ. 1978ರ ಶರತ್ಕಾಲದಲ್ಲಿ ಎಂಐಟಿಯಲ್ಲಿ ಅವರ ತರಗತಿಗೆ ಕುಳಿತ ವಿದ್ಯಾರ್ಥಿಗಳು ಡಿಸೆಂಬರ್ ಹೊತ್ತಿಗೆ ತಮ್ಮದೇ ವಿನ್ಯಾಸ ಮುಗಿಸಿ, ಮರುವರ್ಷದ ಆರಂಭದಲ್ಲಿ ತಮ್ಮದೇ ಚಿಪ್‌ಗಳನ್ನು ಕೈಯಲ್ಲಿ ಹಿಡಿದಿದ್ದರಂತೆ. ಅವರಲ್ಲಿ ಬಹುಪಾಲು ಜನರು ಅದಕ್ಕೆ ಮುಂಚೆ ಟ್ರಾನ್ಸಿಸ್ಟರ್ ಮಟ್ಟದಲ್ಲಿ ಏನನ್ನೂ ಚಿತ್ರಿಸಿದವರಲ್ಲ. ನನ್ನ ಪ್ರಶ್ನೆ ಸರಳವಾಗಿದೆ. ಅವರು ಬೋಧನೆಯಲ್ಲಿ ನಿಜವಾಗಿ ಬದಲಾಯಿಸಿದ್ದೇನು? ಅದರಲ್ಲಿ ಎಷ್ಟು ಭಾಗವನ್ನು ನನ್ನಂಥವರು, ದೊಡ್ಡ ಅನುದಾನವಿಲ್ಲದ ಕಾಲೇಜಿನಲ್ಲಿ, ತರಗತಿಗೆ ತರಬಹುದು?

ಜಯನಗರವಾಸಿ

ನಾನು ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫಿಸಿಕಲ್ ಡಿಸೈನ್ (ಸರ್ಕಿಟ್ಟನ್ನು ಚಿಪ್ ಮೇಲಿನ ಚಿತ್ರವಾಗಿ ಇಳಿಸುವ) ಕೆಲಸ ಮಾಡುತ್ತಿದ್ದೇನೆ. ಕಾನ್ವೇ ಮತ್ತು ಕ್ಯಾಲ್‌ಟೆಕ್‌ನ ಕಾರ್ವರ್ ಮೀಡ್ ಸೇರಿ ಮಾಡಿದ ದೊಡ್ಡ ಕೆಲಸವೆಂದರೆ ವಿನ್ಯಾಸ ಮಾಡುವವರನ್ನೂ ಚಿಪ್ ತಯಾರಿಸುವವರನ್ನೂ ಬೇರ್ಪಡಿಸಿದ್ದು. 1970ರ ದಶಕದಲ್ಲಿ ಚಿಪ್ ವಿನ್ಯಾಸವು ಕಂಪನಿಗಳ ಗೋಡೆಯೊಳಗಿನ ವಿದ್ಯೆಯಾಗಿತ್ತು. ಪ್ರತಿ ಕಾರ್ಖಾನೆಗೂ ಅದರದೇ ಹತ್ತಾರು ಪುಟಗಳ ನಿಯಮಾವಳಿ ಇರುತ್ತಿತ್ತು. ಎರಡು ಗೆರೆಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದು ಆ ಕಾರ್ಖಾನೆಯ ಯಂತ್ರವನ್ನು ಬಲ್ಲವರಿಗೆ ಮಾತ್ರ ಗೊತ್ತಿರುತ್ತಿತ್ತು. ಕಾನ್ವೇ ಆ ನಿಯಮಗಳನ್ನೆಲ್ಲ ಲ್ಯಾಂಬ್ಡಾ ಎಂಬ ಒಂದೇ ಅಳತೆಯ ಗುಣಕಗಳಾಗಿ ಬರೆದರು. ಪಾಲಿಸಿಲಿಕಾನ್ ಗೆರೆಯ ಕನಿಷ್ಠ ಅಗಲ ಎರಡು ಲ್ಯಾಂಬ್ಡಾ, ಲೋಹದ ಗೆರೆಯದು ಮೂರು ಲ್ಯಾಂಬ್ಡಾ, ಹೀಗೆ. ಕಾರ್ಖಾನೆ ಬದಲಾದರೆ ಲ್ಯಾಂಬ್ಡಾದ ಅಳತೆಯಷ್ಟೇ ಬದಲಾಗುತ್ತದೆ, ಚಿತ್ರ ಹಾಗೆಯೇ ಉಳಿಯುತ್ತದೆ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಯೊಬ್ಬ ಒಂದು ಪುಟದಲ್ಲಿ ಕಲಿಯಬಹುದಾದ ವಿಷಯವಾಗಿ ಅದು ಇಳಿದದ್ದು ಹೀಗೆ.

ಸಂದೇಹಿ_7

ಒಬ್ಬ ವ್ಯಕ್ತಿಯನ್ನು ಇಷ್ಟು ಎತ್ತರಕ್ಕೇರಿಸುವ ಮೊದಲು ಹಣದ ಕಡೆಗೂ ನೋಡಬೇಕು. ಕಾನ್ವೇ ಆಗ ಕೆಲಸ ಮಾಡುತ್ತಿದ್ದದ್ದು ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ; ಆಲ್ಟೊ ಕಂಪ್ಯೂಟರ್, ಲೇಸರ್ ಮುದ್ರಕ, ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್ ಸಂಪರ್ಕ ಎಲ್ಲವೂ ಅವರ ಕೈಗೆ ಸಿಗುವಂತಿದ್ದವು. ಬೆನ್ನ ಹಿಂದೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಇತ್ತು. ಅಂಥ ಸೌಲಭ್ಯವಿದ್ದರೆ ಯಾವ ಒಳ್ಳೆಯ ಅಧ್ಯಾಪಕರೂ ಚಿಪ್ ಮಾಡಿಸಬಲ್ಲರು. ನಮ್ಮ ಕಾಲೇಜುಗಳ ಸಮಸ್ಯೆ ಬೋಧನಾ ವಿಧಾನದ್ದಲ್ಲ, ಸೌಲಭ್ಯದ್ದು.

ಹಳೆಯ_ಲೇಔಟ್

ಸಂದೇಹಿಯವರೇ, ಅದೇ ಸೌಲಭ್ಯ ಆಗ ಇನ್ನೂ ಎಷ್ಟೋ ಜನರಿಗಿತ್ತು. ಅವರಾರೂ ಅದನ್ನು ಪಾಠವನ್ನಾಗಿ ಮಾಡಲಿಲ್ಲ. ಈ ಭೇದವನ್ನು ಗಮನಿಸಬೇಕೆಂದು ನನ್ನ ವಿನಂತಿ.

ನನಗೀಗ ಅರುವತ್ತೆಂಟು. ಎಂಬತ್ತರ ದಶಕದ ನಡುವೆ ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಮೀಡ್ ಮತ್ತು ಕಾನ್ವೇ ಅವರ ‘ಇಂಟ್ರೊಡಕ್ಷನ್ ಟು ವಿಎಲ್‌ಎಸ್‌ಐ ಸಿಸ್ಟಮ್ಸ್’ ನಮ್ಮ ವಿಭಾಗದಲ್ಲಿ ಒಂದೇ ಪ್ರತಿ ಇತ್ತು. ಅದನ್ನು ಸರದಿಯಂತೆ ಮನೆಗೆ ಒಯ್ದು ಓದುತ್ತಿದ್ದೆವು. ಗ್ರಾಫ್ ಹಾಳೆ, ಬಣ್ಣದ ಪೆನ್ಸಿಲ್ ಇವೇ ನಮ್ಮ ಉಪಕರಣಗಳು. ಚಿಪ್‌ನ ಒಂದೊಂದು ಪದರಕ್ಕೂ ಒಂದೊಂದು ಬಣ್ಣ: ಹಸಿರು ಎಂದರೆ ಡಿಫ್ಯೂಷನ್, ಕೆಂಪು ಎಂದರೆ ಪಾಲಿ, ನೀಲಿ ಎಂದರೆ ಲೋಹ, ಹಳದಿ ಇಂಪ್ಲಾಂಟ್, ಕಪ್ಪು ಸಂಪರ್ಕದ ಕಿಂಡಿ. ಕೆಂಪು ಗೆರೆ ಹಸಿರನ್ನು ದಾಟಿದಲ್ಲಿ ಟ್ರಾನ್ಸಿಸ್ಟರ್ ಹುಟ್ಟುತ್ತದೆ ಎಂದು ಮೊದಲ ಬಾರಿ ಅರ್ಥವಾದ ಸಂಜೆ ನನಗಿನ್ನೂ ನೆನಪಿದೆ, ಏಕೆಂದರೆ ಅದುವರೆಗೆ ಟ್ರಾನ್ಸಿಸ್ಟರ್ ಎಂದರೆ ಮೂರು ಕಾಲಿನ ಒಂದು ವಸ್ತು ಎಂದೇ ನಾನು ಭಾವಿಸಿದ್ದೆ. ಎರಡು ಗೆರೆಗಳು ಸೇರುವ ಜಾಗವೇ ಟ್ರಾನ್ಸಿಸ್ಟರ್ ಎಂದು ತಿಳಿದ ಮೇಲೆ ಸರ್ಕಿಟ್ ಮತ್ತು ಚಿತ್ರ ನನಗೆ ಬೇರೆ ಬೇರೆಯಾಗಿ ಕಾಣಲೇ ಇಲ್ಲ. ನಮ್ಮ ಹಾಳೆಗಳು ಎಂದೂ ಚಿಪ್ ಆಗಲಿಲ್ಲ, ನಿಜ. ಆದರೂ ಮುಂದೆ ಮೂವತ್ತು ವರ್ಷ ನಾನು ಮಾಡಿದ ಕೆಲಸದ ಬೇರು ಆ ಹಾಳೆಗಳಲ್ಲಿದೆ.

ಏಳನೇ_ಸೆಮಿಸ್ಟರ್

ನಮಗೆ ಸ್ಟಿಕ್ ಡಯಾಗ್ರಂ (ಪದರಗಳನ್ನು ಬಣ್ಣದ ಗೆರೆಗಳಾಗಿ ತೋರಿಸುವ ಚಿತ್ರ) ಇಂದಿಗೂ ಹತ್ತು ಅಂಕದ ಪ್ರಶ್ನೆಯಾಗಿ ಬರುತ್ತದೆ. ಆ ಬಣ್ಣಗಳು ಎಲ್ಲಿಂದ ಬಂದವು ಎಂದು ಯಾರೂ ಹೇಳಿರಲಿಲ್ಲ.

ಆಸ್ಟಿನ್_ಕನ್ನಡಿಗ

ಒಂದು ತಿದ್ದುಪಡಿ ಅಗತ್ಯ. ಇಲ್ಲಿ ಎಲ್ಲವನ್ನೂ ಕಾನ್ವೇ ಅವರ ಖಾತೆಗೆ ಹಾಕುತ್ತಿರುವಂತೆ ಕಾಣುತ್ತದೆ. ಕಾರ್ವರ್ ಮೀಡ್ 1970ರ ದಶಕದ ಆರಂಭದಿಂದಲೇ ಕ್ಯಾಲ್‌ಟೆಕ್‌ನಲ್ಲಿ ವಿದ್ಯಾರ್ಥಿಗಳಿಂದ ಚಿಪ್ ವಿನ್ಯಾಸ ಮಾಡಿಸುತ್ತಿದ್ದರು. ಹಲವರ ವಿನ್ಯಾಸಗಳನ್ನು ಒಂದೇ ಚಿಪ್ ಮೇಲೆ ಸೇರಿಸಿ ತಯಾರಿಸುವ ಪದ್ಧತಿಯೂ ಅಲ್ಲಿತ್ತು. ಪುಸ್ತಕದ ಮೇಲೆ ಮೊದಲ ಹೆಸರು ಮೀಡ್ ಅವರದು. ಅವರಿಬ್ಬರನ್ನು ಜೊತೆಗೂಡಿಸಿದ್ದು ಸದರ್‌ಲ್ಯಾಂಡ್ ಸಹೋದರರು: ಐವನ್ ಕ್ಯಾಲ್‌ಟೆಕ್‌ನಲ್ಲಿದ್ದರು, ಬರ್ಟ್ ಪಾರ್ಕ್‌ನಲ್ಲಿ. ಇತಿಹಾಸವನ್ನು ಹೇಳುವಾಗ ಎಲ್ಲರ ಪಾಲನ್ನೂ ಹೇಳೋಣ.

ಜಯನಗರವಾಸಿ

ಮೀಡ್ ಅವರ ಪಾಲನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಕ್ಯಾಲ್‌ಟೆಕ್‌ನಲ್ಲಿ ನಡೆಯುತ್ತಿದ್ದದ್ದು ಒಬ್ಬ ಮಹಾ ಗುರುವಿನ ಬಳಿ ನಡೆಯುವ ಪಾಠ. ಆ ಗುರುವಿಲ್ಲದ ಊರಿಗೂ ಅದು ತಲುಪುವಂತೆ ಮಾಡಿದ್ದು ಕಾನ್ವೇ. 1977ರಲ್ಲಿ ಪುಸ್ತಕದ ಮೊದಲ ಅಧ್ಯಾಯಗಳ ಕರಡನ್ನೇ ಮುದ್ರಿಸಿ ಕ್ಯಾಲ್‌ಟೆಕ್ ಮತ್ತು ಬರ್ಕ್ಲಿಯ ತರಗತಿಗಳಲ್ಲಿ ಪ್ರಯೋಗಿಸಿದರು. ಎಲ್ಲಿ ವಿದ್ಯಾರ್ಥಿಗಳು ಎಡವಿದರೋ ಅಲ್ಲಿ ತಿದ್ದಿದರು. ಎಂಐಟಿಗೆ ಹೋದಾಗ ಅವರಿಗೆ ಬೋಧನೆಯ ಅನುಭವ ಕಡಿಮೆ, ಸಂಕೋಚ ಹೆಚ್ಚು. ಆದ್ದರಿಂದ ಪ್ರತಿ ಉಪನ್ಯಾಸವನ್ನೂ ಪೂರ್ತಿಯಾಗಿ ಬರೆದಿಟ್ಟುಕೊಂಡರು. ಮುಂದೆ ಅದೇ ಟಿಪ್ಪಣಿಗಳು ಬೇರೆ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಕೈಪಿಡಿಯಾದವು. ಪುಸ್ತಕ, ಅಧ್ಯಾಪಕರ ಟಿಪ್ಪಣಿ, ವಿನ್ಯಾಸದ ಕಡತ, ಕಾರ್ಖಾನೆಗೆ ದಾರಿ, ಇವೆಲ್ಲವೂ ಒಂದು ಕಟ್ಟಾಗಿ ಸಿಕ್ಕಿದ್ದರಿಂದಲೇ 1980ರ ದಶಕದ ಆರಂಭದಲ್ಲಿ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಈ ಪಾಠವನ್ನು ಕೈಗೆತ್ತಿಕೊಂಡವು.

ಹಳೆಯ_ಲೇಔಟ್

1979ರ ಎಂಪಿಸಿ79 ಪ್ರಯೋಗವನ್ನು ಯಾರೂ ಪ್ರಸ್ತಾಪಿಸಿಲ್ಲ. ಈ ಚರ್ಚೆಯ ಹೃದಯವೇ ಅದು ಎಂದು ನನ್ನ ಭಾವನೆ. ಹನ್ನೆರಡು ವಿಶ್ವವಿದ್ಯಾಲಯಗಳಲ್ಲಿ ಏಕಕಾಲಕ್ಕೆ ಇದೇ ಪಾಠ ನಡೆಯಿತು. ವಿದ್ಯಾರ್ಥಿಗಳು ತಮ್ಮ ಚಿತ್ರಗಳನ್ನು ಸಿಐಎಫ್ ಎಂಬ ಸರಳ ಅಕ್ಷರರೂಪದ ಕಡತವಾಗಿ ಬರೆದು ಅರ್ಪಾನೆಟ್ ಮೂಲಕ ಪಾರ್ಕ್‌ಗೆ ಕಳುಹಿಸಿದರು. ಅಲ್ಲಿ 82 ವಿನ್ಯಾಸಗಳನ್ನು ಜೋಡಿಸಿ, ಮಾಸ್ಕ್ (ಚಿತ್ರವನ್ನು ಸಿಲಿಕಾನ್ ಮೇಲೆ ಮೂಡಿಸುವ ಅಚ್ಚು) ಮಾಡಿಸಿ, ಹ್ಯೂಲೆಟ್ ಪ್ಯಾಕರ್ಡ್‌ನ ಪ್ರಯೋಗಾಲಯದಲ್ಲಿ ವೇಫರ್ (ಹಲವು ಚಿಪ್‌ಗಳಿರುವ ಸಿಲಿಕಾನ್ ಬಿಲ್ಲೆ) ತಯಾರಿಸಿ, ಕತ್ತರಿಸಿ, ತಂತಿ ಬೆಸೆದು, ವಿನ್ಯಾಸ ಸ್ವೀಕಾರದ ಕೊನೆಯ ದಿನದಿಂದ 29 ದಿನಗಳೊಳಗೆ ಚಿಪ್‌ಗಳನ್ನು ವಿದ್ಯಾರ್ಥಿಗಳಿಗೆ ಹಿಂದಿರುಗಿಸಿದರು. ಇಂದಿನ ಕಂಪನಿಗಳಲ್ಲಿ ತಿಂಗಳುಗಟ್ಟಲೆ ಕಾಯುವ ನಾವು ಈ ಸಂಖ್ಯೆಯನ್ನು ಮತ್ತೊಮ್ಮೆ ಓದಬೇಕು.

ಆ 82ರಲ್ಲಿ ಸ್ಟ್ಯಾನ್‌ಫರ್ಡ್‌ನ ಜಿಮ್ ಕ್ಲಾರ್ಕ್ ಅವರ, ಗ್ರಾಫಿಕ್ಸ್ ಲೆಕ್ಕ ಮಾಡುವ ಜಿಯಾಮೆಟ್ರಿ ಎಂಜಿನ್‌ನ ಆರಂಭಿಕ ರೂಪವೂ ಒಂದು. ಅದರಿಂದ ಮುಂದೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯೇ ಬೆಳೆಯಿತು. 1981ರಲ್ಲಿ ಇದೇ ವ್ಯವಸ್ಥೆ ಮೋಸಿಸ್ ಎಂಬ ಹೆಸರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆಯೊಂದಕ್ಕೆ ವರ್ಗವಾಗಿ ಶಾಶ್ವತ ಸೇವೆಯಾಯಿತು.

ಸಂದೇಹಿ_7

ನೀವೇ ಹೇಳಿದಿರಿ: ಮಾಸ್ಕ್, ವೇಫರ್, ಹ್ಯೂಲೆಟ್ ಪ್ಯಾಕರ್ಡ್. ಅವಿಲ್ಲದಿದ್ದರೆ 29 ದಿನವೂ ಇಲ್ಲ, 29 ತಿಂಗಳೂ ಇಲ್ಲ.

ಹಳೆಯ_ಲೇಔಟ್

ನಮ್ಮ ದೇಶದಲ್ಲೂ ಅವು ಇದ್ದವು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1984ರಲ್ಲಿ 5 ಮೈಕ್ರಾನ್ ತಂತ್ರಜ್ಞಾನದಿಂದ ಉತ್ಪಾದನೆ ಆರಂಭಿಸಿತ್ತು. ಎಂಪಿಸಿ79ರ ವಿದ್ಯಾರ್ಥಿಗಳು ಬಳಸಿದ್ದೂ ಅದೇ 5 ಮೈಕ್ರಾನ್ ಅಳತೆಯನ್ನು, ಅಂದರೆ ಎರಡೂವರೆ ಮೈಕ್ರಾನ್ ಲ್ಯಾಂಬ್ಡಾ. ಕಾರ್ಖಾನೆ ಮತ್ತು ತರಗತಿಯ ನಡುವೆ ಅಂಥದೊಂದು ಅಂಚೆ ವ್ಯವಸ್ಥೆ ನಮ್ಮಲ್ಲಿ ಆಗಲೇ ನೆಲೆಯೂರಿದ್ದರೆ ನನ್ನ ಗ್ರಾಫ್ ಹಾಳೆಗಳೂ ಹೋಗಿ ಬರುತ್ತಿದ್ದವು. 1989ರ ಬೆಂಕಿಯಲ್ಲಿ ಆ ಕಾರ್ಖಾನೆ ಸುಟ್ಟುಹೋದದ್ದು ನಮ್ಮ ಪೀಳಿಗೆಗೆ ದೊಡ್ಡ ನೋವು. ಅದರ ಬಗ್ಗೆ ಬೇರೆಯೇ ಚರ್ಚೆ ಆಗಬೇಕು, ಇಲ್ಲಿ ಬೇಡ.

ಪದಪ್ರೀತಿ

ಕಾನ್ವೇ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಏಕೆ ಅಷ್ಟು ಮಸುಕಾಗಿದೆ ಎಂಬುದನ್ನೂ ಹೇಳಬೇಕಲ್ಲವೇ? ಅವರು 1960ರ ದಶಕದಲ್ಲಿ ಐಬಿಎಂನಲ್ಲಿ, ಆದೇಶಗಳನ್ನು ಸರದಿ ಬಿಟ್ಟು ಏಕಕಾಲಕ್ಕೆ ನಿರ್ವಹಿಸುವ ಕಂಪ್ಯೂಟರ್ ರಚನೆಯ ಮೇಲೆ ಕೆಲಸ ಮಾಡಿದ್ದರು. ತಾನು ಹೆಣ್ಣಾಗಿ ಪರಿವರ್ತನೆ ಹೊಂದುತ್ತಿರುವುದಾಗಿ ತಿಳಿಸಿದ್ದಕ್ಕೆ 1968ರಲ್ಲಿ ಆ ಸಂಸ್ಥೆ ಅವರನ್ನು ತೆಗೆದುಹಾಕಿತು. ಹಿಂದಿನ ಹೆಸರು, ಹಿಂದಿನ ಸಾಧನೆ ಎರಡನ್ನೂ ಬಿಟ್ಟು, ಸಾಮಾನ್ಯ ಪ್ರೋಗ್ರಾಮರ್ ಆಗಿ ಅವರು ಮತ್ತೆ ಮೊದಲಿನಿಂದ ಬದುಕು ಕಟ್ಟಿಕೊಂಡರು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, ಐವತ್ತೆರಡು ವರ್ಷಗಳ ಮೇಲೆ.

ಸಂದೇಹಿ_7

ಅನ್ಯಾಯ ನಡೆದದ್ದು ನಿಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋಧನಾ ವಿಧಾನದ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ?

ಪದಪ್ರೀತಿ

ಸಂಬಂಧವಿದೆ. ಗುರುತು ಹೊರಬಿದ್ದರೆ ಮತ್ತೆ ಎಲ್ಲವೂ ಕೈತಪ್ಪುವ ಭಯವಿದ್ದುದರಿಂದ ಅವರು ದಶಕಗಳ ಕಾಲ ಸಭೆಗಳ ಮುಂದಿನ ಸಾಲಿನಿಂದ ದೂರ ಉಳಿದರು. ಅದರ ಪರಿಣಾಮವಾಗಿ ಪುಸ್ತಕವು ಮೀಡ್ ಅವರದೆಂದೂ ಕಾನ್ವೇ ಬರವಣಿಗೆಗೆ ನೆರವಾದವರೆಂದೂ ಹಲವರು ತಿಳಿದರು. 2012ರಲ್ಲಿ ಇಂಜಿನಿಯರುಗಳ ಸಂಘ ಐಟ್ರಿಪಲ್‌ಇಯ ಪತ್ರಿಕೆಯೊಂದರಲ್ಲಿ ಅವರೇ ಆ ಕಥೆಯನ್ನು ದೀರ್ಘವಾಗಿ ಬರೆಯುವವರೆಗೆ ಬೋಧನೆಯ ಆ ಸಿದ್ಧತೆಯೆಲ್ಲ ಕಣ್ಣಿಗೆ ಬೀಳದೆ ಉಳಿದಿತ್ತು. ಪಾಠಕ್ರಮ ಕಟ್ಟುವ ಕೆಲಸವನ್ನು ಸಂಶೋಧನೆಯೆಂದು ಎಣಿಸದ ಅಭ್ಯಾಸವೂ ಇದರೊಳಗೆ ಸೇರಿಕೊಂಡಿದೆ. ನಮ್ಮ ಕಾಲೇಜುಗಳಲ್ಲಿ ಒಳ್ಳೆಯ ಲ್ಯಾಬ್ ಕೈಪಿಡಿ ಬರೆದವರಿಗೆ ಬಡ್ತಿಯಲ್ಲಿ ಒಂದಂಕವೂ ಸಿಗುವುದಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ತರಗತಿಯಿಂದ

ಪದಪ್ರೀತಿಯವರ ಕೊನೆಯ ಮಾತು ನನ್ನನ್ನು ನೇರವಾಗಿ ತಟ್ಟಿತು. ಕಾನ್ವೇ 1985ರಲ್ಲಿ ಮಿಷಿಗನ್‌ಗೆ ಪ್ರಾಧ್ಯಾಪಕಿಯಾಗಿ, ಇಂಜಿನಿಯರಿಂಗ್ ವಿಭಾಗದ ಅಸೋಸಿಯೇಟ್ ಡೀನ್ ಆಗಿ ಹೋದರು ಎಂದು ಓದಿದಾಗ, ಪಾಠ ಕಟ್ಟಿದವರನ್ನು ಆಡಳಿತದಲ್ಲಿ ಆ ಸ್ಥಾನಕ್ಕೆ ಕರೆದರಲ್ಲ ಎಂದು ಸಂತೋಷಪಟ್ಟಿದ್ದೆ.

ಲ್ಯಾಂಬ್ಡಾ ವಿಷಯದಲ್ಲಿ ನಾನು ತರಗತಿಯಲ್ಲಿ ಹೇಳುವ ಒಂದು ಹೋಲಿಕೆಯನ್ನು ಇಲ್ಲಿ ಪರೀಕ್ಷೆಗೆ ಒಡ್ಡುತ್ತೇನೆ. ಚುಕ್ಕಿ ರಂಗೋಲಿಯಲ್ಲಿ ಮೊದಲು ಸಾಲಾಗಿ ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೆಯುತ್ತೇವೆ. ಅಂಗಳ ದೊಡ್ಡದಾಗಿದ್ದರೆ ಚುಕ್ಕಿಗಳ ಅಂತರ ಹೆಚ್ಚುತ್ತದೆ, ಹೊಸ್ತಿಲ ಮುಂದಾದರೆ ಕಡಿಮೆಯಾಗುತ್ತದೆ, ರಂಗೋಲಿ ಅದೇ. ಆ ಚುಕ್ಕಿಯ ಅಂತರವೇ ಲ್ಯಾಂಬ್ಡಾ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ಹಾಳೆ ಕೇಳಿ ಪಡೆದರು.

ಹಳೆಯ_ಲೇಔಟ್

ಇದಕ್ಕಿಂತ ಸೊಗಸಾದ ವಿವರಣೆಯನ್ನು ನಾನು ಕೇಳಿಲ್ಲ.

ಜಯನಗರವಾಸಿ

ಹೋಲಿಕೆ ಚೆನ್ನಾಗಿದೆ, ಆದರೆ ಮಕ್ಕಳಿಗೆ ಅದರ ಮಿತಿಯನ್ನೂ ಹೇಳಿಬಿಡಿ. ಅಂಗಳ ಕಿರಿದಾಗುತ್ತ ಹೋದಂತೆ ನಮ್ಮ ಬೆರಳಿನಿಂದ ಉದುರುವ ಪುಡಿಯ ಗೆರೆ ಮಾತ್ರ ಅದೇ ದಪ್ಪ ಉಳಿಯುತ್ತದೆ. ಚಿಪ್‌ನಲ್ಲೂ ಎಲ್ಲ ಪದರಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಲಿಲ್ಲ. ಅದಕ್ಕಾಗಿಯೇ ಉದ್ಯಮವು ಲ್ಯಾಂಬ್ಡಾ ನಿಯಮಗಳನ್ನು ಬಿಟ್ಟು ನ್ಯಾನೊಮೀಟರಿನಲ್ಲೇ ಬರೆದ ನಿಯಮಗಳಿಗೆ ಮರಳಿತು. ನಾನು ನಿತ್ಯ ಬಳಸುವ ನಿಯಮಾವಳಿ ಸಾವಿರಾರು ಸಾಲುಗಳಷ್ಟಿದೆ. ಅದನ್ನು ಮನುಷ್ಯರು ನೆನಪಿಡುವುದಿಲ್ಲ, ತಂತ್ರಾಂಶ ಪರೀಕ್ಷಿಸುತ್ತದೆ.

ಆಸ್ಟಿನ್_ಕನ್ನಡಿಗ

ಆ ನಿಯಮಗಳು ಸ್ಥಳ ವ್ಯರ್ಥ ಮಾಡುತ್ತವೆ ಎಂದು ಅಂದಿನ ಉದ್ಯಮದವರೂ ದೂರುತ್ತಿದ್ದರು. ದೂರು ಸುಳ್ಳಲ್ಲ. ಆದರೆ ಬರ್ಕ್ಲಿಯ ವಿದ್ಯಾರ್ಥಿಗಳು ಇದೇ ಪಾಠದ ದಾರಿಯಲ್ಲಿ ಹೊರಟು 1982ರ ಹೊತ್ತಿಗೆ ಸರಳ ಆದೇಶಗಳಷ್ಟೇ ಇರುವ ರಿಸ್ಕ್-1 ಪ್ರೊಸೆಸರ್ ಮಾಡಿ ಮುಗಿಸಿದರು. ಅದರಲ್ಲಿದ್ದದ್ದು 44,420 ಟ್ರಾನ್ಸಿಸ್ಟರ್‌ಗಳು. ಸ್ವಲ್ಪ ಜಾಗ ವ್ಯರ್ಥವಾದರೂ ಒಂದು ಹೊಸ ರಚನೆ ಕೆಲಸ ಮಾಡುತ್ತದೆಯೇ ಎಂದು ನೋಡಲು ಅಷ್ಟು ಸಾಕಾಯಿತು.

ಏಳನೇ_ಸೆಮಿಸ್ಟರ್

ನನ್ನ ಅನುಭವ ಹೇಳಬಹುದೇ? ನಾವು ಮೂವರು ಗೆಳೆಯರು ಸೇರಿ ಟೈನಿ ಟೇಪ್‌ಔಟ್ ಮೂಲಕ ಒಂದು ಸಣ್ಣ ವಿನ್ಯಾಸ ಕಳುಹಿಸಿದ್ದೆವು. ತಿಳಿಯದವರಿಗಾಗಿ: ಗೂಗಲ್ ಮತ್ತು ಸ್ಕೈವಾಟರ್ 2020ರಲ್ಲಿ 130 ನ್ಯಾನೊಮೀಟರ್ ತಂತ್ರಜ್ಞಾನದ ವಿವರಗಳನ್ನು ಮುಕ್ತವಾಗಿ ಬಿಡುಗಡೆ ಮಾಡಿದ ಮೇಲೆ, 2022ರಲ್ಲಿ ಆರಂಭವಾದ ಯೋಜನೆ ಇದು. ನೂರಾರು ಜನರ ಪುಟ್ಟ ವಿನ್ಯಾಸಗಳನ್ನು ಒಂದೇ ಚಿಪ್‌ನಲ್ಲಿ ಸೇರಿಸುತ್ತಾರೆ. ಒಬ್ಬರ ಪಾಲಿಗೆ ಬರುವ ಜಾಗ ಸುಮಾರು 160 ಗುಣಿಸು 100 ಮೈಕ್ರಾನ್, ಅಂದರೆ ಸಾವಿರದಷ್ಟು ಗೇಟ್‌ಗಳು. ಹಿರಿಯರು ಹೇಳಿದ ಎಂಪಿಸಿ79ರದೇ ಮೊಮ್ಮಗು ಎಂದು ಈಗ ಅರ್ಥವಾಯಿತು.

ನಮ್ಮದು ಒಂದು ಗುಂಡಿ ಒತ್ತಿದರೆ ಎಣಿಕೆ ಏರುವ ಕೌಂಟರ್. ಸಿಮ್ಯುಲೇಷನ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ಚಿಪ್ ಕೈಗೆ ಬಂದ ದಿನ ಗುಂಡಿ ಒತ್ತಿದೆವು. ಎಣಿಕೆ ಒಮ್ಮೆಗೇ ಮೂರೋ ನಾಲ್ಕೋ ಏರಿತು. ಗುಂಡಿಯ ಲೋಹದ ಪಟ್ಟಿ ಒತ್ತಿದಾಗ ಕ್ಷಣಕಾಲ ಪುಟಿಯುತ್ತದೆ, ಪ್ರತಿ ಪುಟಿತವನ್ನೂ ನಮ್ಮ ಸರ್ಕಿಟ್ ಎಣಿಸಿತು. ಆ ಪುಟಿತಗಳನ್ನು ಕಡೆಗಣಿಸುವ ಡಿಬೌನ್ಸ್ ಹಾಕಬೇಕೆಂದು ಪುಸ್ತಕದಲ್ಲಿ ಓದಿದ್ದೆವು, ಹಾಕಿರಲಿಲ್ಲ.

ಸಂದೇಹಿ_7

ಇದನ್ನೇ ಎಫ್‌ಪಿಜಿಎ (ಬೇಕಾದಾಗ ಸರ್ಕಿಟ್ ಬದಲಿಸಬಹುದಾದ ಸಿದ್ಧ ಚಿಪ್) ಬೋರ್ಡಿನ ಮೇಲೆ ಒಂದೇ ಸಂಜೆಯಲ್ಲಿ ಕಂಡುಕೊಳ್ಳಬಹುದಿತ್ತು. ತಿಂಗಳುಗಟ್ಟಲೆ ಕಾದು ಚಿಪ್ ತರಿಸಿ ತಿಳಿಯಬೇಕಿರಲಿಲ್ಲ. ಡಿಜಿಟಲ್ ಡಿಸೈನ್ ಕಲಿಸಲು ಎಫ್‌ಪಿಜಿಎ ಸಾಕು ಎಂಬ ನನ್ನ ವಾದಕ್ಕೆ ನೀವೇ ಸಾಕ್ಷಿ ಒದಗಿಸಿದ್ದೀರಿ.

ಏಳನೇ_ಸೆಮಿಸ್ಟರ್

ಎಫ್‌ಪಿಜಿಎಯಲ್ಲಿ ಕಾಣಬಹುದಿತ್ತು, ಒಪ್ಪುತ್ತೇನೆ. ಆದರೆ ಅಲ್ಲಿ ಎರಡು ನಿಮಿಷದಲ್ಲಿ ಕೋಡ್ ತಿದ್ದಿ ಮತ್ತೆ ತುಂಬಿಸಿ ಮರೆತುಬಿಡುತ್ತಿದ್ದೆ. ಈ ಚಿಪ್‌ನಲ್ಲಿ ನನ್ನ ತಪ್ಪು ಹಾಗೆಯೇ ಕುಳಿತಿದೆ, ಅದನ್ನು ತಿದ್ದಲು ಬರುವುದಿಲ್ಲ. ಅದಾದ ಮೇಲೆ ನಾನು ವಿನ್ಯಾಸಕ್ಕಿಂತ ಮೊದಲು ಪರೀಕ್ಷೆಗಳನ್ನು ಬರೆಯಲು ಕಲಿತೆ. ಅಲ್ಲದೆ ನಮ್ಮ ವೆರಿಲಾಗ್ ಗೇಟ್‌ಗಳಾಗಿ, ಗೇಟ್‌ಗಳು ಜಾಗ ಹಿಡಿದು, ತಂತಿಗಳು ಅವುಗಳ ನಡುವೆ ಹರಿದ ಚಿತ್ರವನ್ನು ಮೊದಲ ಬಾರಿ ನೋಡಿದ್ದೂ ಆಗಲೇ. ಎಫ್‌ಪಿಜಿಎ ಬಳಸುವಾಗ ಆ ಚಿತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಜಯನಗರವಾಸಿ

ಸಂದರ್ಶನಕ್ಕೆ ಬರುವ ಅಭ್ಯರ್ಥಿಗಳಲ್ಲಿ ನಾನು ಹುಡುಕುವುದು ಇದನ್ನೇ. ತನ್ನ ತಪ್ಪು ಎಲ್ಲಿತ್ತು, ಏಕೆ ಮೊದಲೇ ಸಿಗಲಿಲ್ಲ ಎಂದು ಹೇಳಬಲ್ಲವರಿಗೆ ಉಳಿದದ್ದನ್ನು ಆರು ತಿಂಗಳಲ್ಲಿ ಕಲಿಸಬಹುದು.

ಸಂದೇಹಿ_7

ಸರಿ, ಆ ಮಟ್ಟಿಗೆ ನನ್ನ ವಾದವನ್ನು ಸಡಿಲಿಸುತ್ತೇನೆ. ಮೊದಲು ಎಫ್‌ಪಿಜಿಎ, ಬಳಿಕ ಚಿಪ್. ಆದರೆ ಅರುವತ್ತು ಜನರ ತರಗತಿಗೆ ಇದರ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬ ನನ್ನ ಪ್ರಶ್ನೆ ಇನ್ನೂ ನಿಂತೇ ಇದೆ.

ಆಸ್ಟಿನ್_ಕನ್ನಡಿಗ

ಇಂಥ ಸೇವೆಗಳ ಸ್ಥಿರತೆಯ ಬಗ್ಗೆಯೂ ಯೋಚಿಸಬೇಕು. ಟೈನಿ ಟೇಪ್‌ಔಟ್ ಅವಲಂಬಿಸಿದ್ದ ಇಫ್ಯಾಬ್ಲೆಸ್ ಕಂಪನಿ 2025ರ ಮಾರ್ಚ್‌ನಲ್ಲಿ ಮುಚ್ಚಿತು. ಯೋಜನೆಯವರು ಜರ್ಮನಿಯ ಐಎಚ್‌ಪಿ ಸಂಸ್ಥೆಯಂಥ ಬೇರೆ ಕಾರ್ಖಾನೆಗಳತ್ತ ತಿರುಗಬೇಕಾಯಿತು. ಮೋಸಿಸ್ ದಶಕಗಳ ಕಾಲ ಉಳಿದದ್ದಕ್ಕೆ ಸರ್ಕಾರದ ಹಣವೂ ಒಂದು ಕಾರಣ. ಈ ಒಂದು ವಿಷಯದಲ್ಲಿ ಸಂದೇಹಿಯವರ ಮಾತು ನಿಜ.

ಜಯನಗರವಾಸಿ

ನಮ್ಮಲ್ಲೂ ಸರ್ಕಾರದ ಹಣ ಇಲ್ಲವೆಂದಲ್ಲ. ಕೇಂದ್ರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯ ಗುರಿ 85,000 ಜನರಿಗೆ ತರಬೇತಿ. ಬೆಂಗಳೂರಿನ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರವು ಆಯ್ದ ಕಾಲೇಜುಗಳಿಗೆ ದುಬಾರಿ ವಿನ್ಯಾಸ ತಂತ್ರಾಂಶಗಳನ್ನು ದೂರದಿಂದಲೇ ಬಳಸಲು ಕೊಡುತ್ತದೆ, ವಿದ್ಯಾರ್ಥಿಗಳ ವಿನ್ಯಾಸಗಳನ್ನು ಒಟ್ಟುಗೂಡಿಸಿ ಮೊಹಾಲಿಯ 180 ನ್ಯಾನೊಮೀಟರ್ ಘಟಕಕ್ಕೆ ಕಳುಹಿಸುತ್ತದೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರಿನ ಒಂದು ಆವೃತ್ತಿ 2018ರಲ್ಲಿ ತಯಾರಾದದ್ದೂ ಅದೇ ಘಟಕದಲ್ಲಿ. ಅಂದರೆ ಅಂಚೆ ವ್ಯವಸ್ಥೆ ಈಗ ಇದೆ. ತಾಲೂಕಿನ ಕಾಲೇಜಿನವರೆಗೆ ಅಂಚೆಯಣ್ಣ ಬರುತ್ತಿಲ್ಲ.

ಪದಪ್ರೀತಿ

ಹಾಗಾದರೆ ಕೊರತೆಯಿರುವುದು ಕಾನ್ವೇ ಬರೆದಂಥ ಅಧ್ಯಾಪಕರ ಟಿಪ್ಪಣಿಗಳಲ್ಲಿ. ತಂತ್ರಾಂಶ ಸಿಕ್ಕರೂ ಮೊದಲ ವಾರ ಏನು ಮಾಡಿಸಬೇಕು, ನಾಲ್ಕನೆಯ ವಾರ ವಿದ್ಯಾರ್ಥಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಯಾವ ಗಾತ್ರದ ಯೋಜನೆ ಹದಿನಾಲ್ಕು ವಾರದಲ್ಲಿ ಮುಗಿಯುತ್ತದೆ ಎಂದು ಹೇಳುವ ಪುಟಗಳು ಬೇಕು. ಅವು ಕನ್ನಡದಲ್ಲೂ ಬೇಕು. ಗ್ರಾಮೀಣ ವಿದ್ಯಾರ್ಥಿಗಳು ಸೆಟಪ್ ಟೈಮ್, ಹೋಲ್ಡ್ ಟೈಮ್ (ಕ್ಲಾಕ್ ಮಿಡಿತಕ್ಕೆ ಮೊದಲು ಮತ್ತು ಬಳಿಕ ಸಂಕೇತ ಸ್ಥಿರವಾಗಿರಬೇಕಾದ ಅವಧಿ) ಎಂದು ಬಾಯಿಪಾಠ ಮಾಡುತ್ತಾರೆ. ಬಸ್ಸು ಬರುವ ಮೊದಲೇ ನಿಲ್ದಾಣದಲ್ಲಿರಬೇಕು, ಹತ್ತಿದ ಮೇಲೂ ಕ್ಷಣಕಾಲ ಕಂಬಿ ಹಿಡಿದು ನಿಲ್ಲಬೇಕು ಎಂದರೆ ಮರೆಯುವುದಿಲ್ಲ.

ಸಂದೇಹಿ_7

ಬಸ್ಸಿನ ಹೋಲಿಕೆ ಒಪ್ಪಿದೆ. ಟಿಪ್ಪಣಿ ಬರೆಯುವುದಾದರೆ ಎಫ್‌ಪಿಜಿಎ ಭಾಗದ ಮೂರು ವಾರಗಳನ್ನು ನಾನು ಬರೆಯುತ್ತೇನೆ. ನನ್ನ ಬಳಿ ಲ್ಯಾಬಿನಲ್ಲಿ ಪರೀಕ್ಷಿಸಿದ ಸಾಮಗ್ರಿ ಇದೆ.

ತರಗತಿಯಿಂದ

ಎಲ್ಲರಿಗೂ ಧನ್ಯವಾದಗಳು. ಈ ಸೆಮಿಸ್ಟರಿಗೆ ನಾನು ನಿರ್ಧರಿಸಿದ್ದು ಇಷ್ಟು: ಮೊದಲ ಎರಡು ವಾರ ಗ್ರಾಫ್ ಹಾಳೆ ಮತ್ತು ಐದು ಬಣ್ಣದ ಪೆನ್ಸಿಲ್, ಇನ್ವರ್ಟರ್, ನ್ಯಾಂಡ್ ಗೇಟ್‌ಗಳನ್ನು ಪ್ರತಿಯೊಬ್ಬರೂ ಕೈಯಿಂದಲೇ ಚಿತ್ರಿಸಬೇಕು. ಬಳಿಕ ಸಂದೇಹಿಯವರ ಮೂರು ವಾರ. ಆಮೇಲೆ ಮುಕ್ತ ತಂತ್ರಾಂಶದಲ್ಲಿ ಅದೇ ವಿನ್ಯಾಸದ ಲೇಔಟ್ ತೆಗೆದು, ತಮ್ಮ ಹಾಳೆಯ ಪಕ್ಕದಲ್ಲಿಟ್ಟು ಹೋಲಿಸಬೇಕು. ಅರುವತ್ತು ಜನರಿಗೂ ಚಿಪ್ ಮಾಡಿಸಲಾಗದು. ಪರಸ್ಪರ ಪರಿಶೀಲಿಸಿ ತರಗತಿಯವರೇ ಆರಿಸಿದ ಒಂದೇ ವಿನ್ಯಾಸವನ್ನು ಕಳುಹಿಸುವ ಯೋಚನೆಯಿದೆ. ವೆಚ್ಚದ ಬಗ್ಗೆ ಸೋಮವಾರ ಪ್ರಾಂಶುಪಾಲರನ್ನು ಕಾಣುತ್ತೇನೆ.

ಹಳೆಯ ಲೇಔಟ್ ಅವರಲ್ಲಿ ಒಂದು ಕೋರಿಕೆ. ನಿಮ್ಮ ಆ ಗ್ರಾಫ್ ಹಾಳೆಗಳು ಈಗಲೂ ಇವೆಯೇ?

ಹಳೆಯ_ಲೇಔಟ್

ಎರಡು ಇವೆ. ಒಂದು ಫ್ಲಿಪ್‌ಫ್ಲಾಪ್, ಇನ್ನೊಂದು ನಾಲ್ಕು ಬಿಟ್ಟಿನ ಆಡರ್. ಹಳದಿ ಬಣ್ಣ ಮಾಸಿದೆ, ಉಳಿದವು ಚೆನ್ನಾಗಿವೆ. ಸ್ಕ್ಯಾನ್ ಮಾಡಿಸಿ ನಾಳೆ ಇಲ್ಲಿ ಹಾಕುತ್ತೇನೆ. ಆಡರ್‌ನಲ್ಲಿ ಒಂದು ಕಡೆ ಲೋಹದ ಗೆರೆಗಳ ಅಂತರ ಎರಡೇ ಲ್ಯಾಂಬ್ಡಾ ಇದೆ, ಮೂರಿರಬೇಕಿತ್ತು. ಎಲ್ಲಿ ಎಂದು ನಿಮ್ಮ ವಿದ್ಯಾರ್ಥಿಗಳು ಹುಡುಕಲಿ.